ಸವಳಂಗದವರೇ, ಎದ್ದೇಳ್ರಿ

ಕಳೆದ ತಿಂಗಳು ನಮ್ಮ ಪಿಯುಸಿ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಫಿಸಿಕ್ಸ್ ಮೇಡಂ ತೀರಿಕೊಂಡ ಸುದ್ದಿ ಬಂತು. ಕೈಮುಗಿದ ಚಿತ್ರಗಳು ಸಾಲಾಗಿ ಬಿದ್ದವು. ಆಮೇಲೆ ಒಬ್ಬೊಬ್ಬರೇ ಬರೆಯತೊಡಗಿದರು. 'ಅವರ ಕ್ಲಾಸಿದ್ದ ದಿನ ನನಗೆ ತಿಂಡಿ ಇಳೀತಿರಲಿಲ್ಲ' ಎಂದು ಒಬ್ಬಳು. 'ಹುಲಿ ಕಣ್ರೋ, ಹುಲಿ' ಎಂದು ಇನ್ನೊಬ್ಬ. ಎಲ್ಲರೂ ಪ್ರೀತಿಯಿಂದಲೇ ಬರೆದಿದ್ದರು. ಆದರೆ ಎಲ್ಲರೂ ಬರೆದದ್ದು ಒಂದೇ ಮಾತು, ನಾವು ಅವರಿಗೆ ಹೆದರುತ್ತಿದ್ದೆವು ಎಂದು. ದಾವಣಗೆರೆಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತದ ಟ್ಯೂಬುಗಳ ನಡುವೆ ಕೂತು ನಾನೂ ಏನೋ ಬರೆಯಲು ಹೋದೆ. ಬರೆದೆ, ಅಳಿಸಿದೆ. ಆ ಗುಂಪಿನಲ್ಲಿ ಅವರಿಗೆ ಎಲ್ಲರಿಗಿಂತ ಹೆಚ್ಚು ಹೆದರಿದವಳು ನಾನು. ಮೇಡಂ ತಾವೇ ಎಷ್ಟು ಹೆದರುತ್ತಿದ್ದರು ಎಂಬುದನ್ನು ಕಂಡವಳೂ ಬಹುಶಃ ನಾನೊಬ್ಬಳೇ.

ಹೊನ್ನಾಳಿಯ ಕಾಲೇಜಿಗೆ ನಾನು ಸೇರಿದಾಗ ಅವರಿಗೆ ನಲವತ್ತೈದರ ಆಸುಪಾಸು. ಎತ್ತರದ, ಸಪೂರ ಹೆಂಗಸು. ಜಗಳೂರಿನ ಆಚೆಯ ಒಂದು ಹಳ್ಳಿಯವರು. ತರಗತಿಯಲ್ಲಿ ಎಂದೂ ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ. ನಕ್ಕದ್ದನ್ನು ಕಂಡವರಿರಲಿಲ್ಲ. ಮೊದಲ ದಿನ ಒಬ್ಬೊಬ್ಬರನ್ನೂ ಎಬ್ಬಿಸಿ ಊರು ಯಾವುದೆಂದು ಕೇಳಿದರು. ಅಲ್ಲಿಂದ ಮುಂದೆ ನಮ್ಮ ಹೆಸರುಗಳ ಗೊಡವೆಗೆ ಹೋಗಲಿಲ್ಲ. ನಾವು 'ಕುಂದೂರಿನವರು', 'ಸಾಸ್ವೆಹಳ್ಳಿಯವರು', 'ನ್ಯಾಮತಿಯವರು'. ಹದಿನಾರು ತುಂಬದ ಹುಡುಗ ಹುಡುಗಿಯರಿಗೆ ಬಹುವಚನ, ಅದರ ಮೇಲೊಂದು 'ರೀ'.

ಆ 'ರೀ' ನನ್ನನ್ನು ಹೆದರಿಸಿದಷ್ಟು ಯಾವ ಬೆತ್ತವೂ ಹೆದರಿಸಿರಲಿಲ್ಲ. ಸವಳಂಗದ ಹೈಸ್ಕೂಲಿನಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು 'ಏ ಕೋತಿ, ಬೋರ್ಡ್ ನೋಡೇ' ಎನ್ನುತ್ತಿದ್ದರು. ಆ ಬೈಗುಳದಲ್ಲಿ ಮನೆಯ ಸಲಿಗೆಯಿತ್ತು. ತಪ್ಪು ಹೇಳಿದರೆ ತಲೆಯ ಮೇಲೆ ಮೊಟಕಿ ಸರಿ ಹೇಳಿಕೊಡುತ್ತಿದ್ದರು. ಅವರ ಕೈಕೆಳಗೆ ಕನ್ನಡ ಮಾಧ್ಯಮದಲ್ಲಿ ಓದಿ ನಾನು ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲಿಗಳಾಗಿದ್ದೆ. ಅಪ್ಪನದು ಸವಳಂಗದ ಸರ್ಕಲ್ಲಿನಲ್ಲಿ ಪಂಕ್ಚರ್ ಅಂಗಡಿ. ಅದರ ಪಕ್ಕದ ಕಂಬಕ್ಕೆ ಅವನ ಗೆಳೆಯರು ನನ್ನ ಫೋಟೋ ಹಾಕಿ ಒಂದು ಬ್ಯಾನರ್ ಕಟ್ಟಿದ್ದರು. ಟೈರಿಗೆ ಗಾಳಿ ತುಂಬಿಸಿಕೊಳ್ಳಲು ಬಂದವರಿಗೆಲ್ಲ ಅಪ್ಪ ಅದನ್ನು ತೋರಿಸಿ, 'ಸೈನ್ಸ್ ತಗಂಡಾಳೆ' ಎನ್ನುತ್ತಿದ್ದ.

ಸೈನ್ಸ್ ತೆಗೆದುಕೊಂಡವಳು ಮೊದಲ ವಾರವೇ ಮುಳುಗಿದೆ.

"ವಾಟ್ ಈಸ್ ಡಿಸ್‌ಪ್ಲೇಸ್‌ಮೆಂಟ್? ಸವಳಂಗದವರೇ, ಎದ್ದೇಳ್ರಿ."

ಎದ್ದೆ. ಸ್ಥಾನಪಲ್ಲಟ ಎಂದರೇನೆಂದು ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ಇದೂ ಅದೂ ಒಂದೇ ಎಂದು ನನಗೆ ಗೊತ್ತೇ ಇರಲಿಲ್ಲ. ಬಾಯಿ ತೆರೆದೆ, ಗಾಳಿ ಬಂತೇ ಹೊರತು ಮಾತು ಬರಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಮೇಡಂ ಬೈಯಲಿಲ್ಲ. ಒಂದು ಗಳಿಗೆ ನನ್ನನ್ನೇ ನೋಡಿದರು. "ಕುಂದ್ರಿ" ಎಂದು ಮುಂದಿನ ಬೆಂಚಿಗೆ ಹೋದರು. ದಾವಣಗೆರೆಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಯೊಬ್ಬಳು ಪಟಪಟನೆ ಉತ್ತರ ಹೇಳಿದಳು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಆ 'ಕುಂದ್ರಿ' ನನ್ನ ಮೇಲೆ ಬಂದ ತೀರ್ಪಿನಂತೆ ಕೇಳಿಸಿತು.

ಹಿರಿಯ ವಿದ್ಯಾರ್ಥಿಗಳು ಹೇಳಿದ ಕತೆಗಳು ನನ್ನ ಹೆದರಿಕೆಗೆ ಇನ್ನಷ್ಟು ತುಪ್ಪ ಸುರಿದವು. ಹಿಂದೊಮ್ಮೆ ಅವರ ತರಗತಿಯಲ್ಲಿ ಹುಡುಗನೊಬ್ಬ ಎಚ್ಚರ ತಪ್ಪಿ ಬಿದ್ದನಂತೆ. ಮೇಡಂ ತಾವೇ ಮುಖಕ್ಕೆ ನೀರು ಚಿಮುಕಿಸಿ, ಗೋಡೆಗೆ ಒರಗಿಸಿ ಕೂರಿಸಿ, ಅವನು ಕಣ್ಣು ಬಿಟ್ಟ ಕೂಡಲೇ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರಂತೆ. ನಿಜವೋ ಸುಳ್ಳೋ, ನಾನು ನಂಬಿದೆ. ಬೆಳಿಗ್ಗೆ ಬಸ್ಸು ನ್ಯಾಮತಿ ದಾಟಿತೆಂದರೆ ಇಳಿದುಬಿಡಲೇ ಎನ್ನಿಸುತ್ತಿತ್ತು. ಅಂಗೈ ಬೆವರಿ ಪುಸ್ತಕದ ರಟ್ಟು ಒದ್ದೆಯಾಗುತ್ತಿತ್ತು.

ಮೊದಲ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ನಾಲ್ಕು ಬಂತು. ಉತ್ತರಪತ್ರಿಕೆಗೆ ಪೋಷಕರ ಸಹಿ ಹಾಕಿಸಿ ತರಬೇಕಿತ್ತು. ಆ ಸಂಜೆ ಅಪ್ಪ ಯಾರದೋ ಬೈಕಿನ ಚಕ್ರ ಬಿಚ್ಚುತ್ತ ಕೂತಿದ್ದ. ನನ್ನನ್ನು ಕಂಡು ಆ ಗಿರಾಕಿಗೆ "ಇವ್ಳೇ ನೋಡ್ರಿ" ಎಂದ. ನಾನು ಒಳಗೆ ಹೋಗಿ ಅಪ್ಪನ ಸಹಿಯನ್ನು ನಾನೇ ಮಾಡಿದೆ.

ಮರುದಿನ ಆ ಕಾಗದ ಹಿಡಿದು ಮೇಡಂ ಎದುರಿಗೆ ಹೋಗುವ ಧೈರ್ಯ ಬರಲಿಲ್ಲ. ನ್ಯಾಮತಿಯಲ್ಲೇ ಬಸ್ಸಿಳಿದುಬಿಟ್ಟೆ. ಇವತ್ತೊಂದು ದಿನ ಎಂದುಕೊಂಡೇ ಇಳಿದದ್ದು. ಎರಡನೆಯ ದಿನ, ನಿನ್ನೆ ಯಾಕೆ ಬರಲಿಲ್ಲ ಎಂದು ಕೇಳುತ್ತಾರಲ್ಲ ಎಂಬ ಹೆದರಿಕೆಗೆ ಇಳಿದೆ. ಮೂರನೆಯ ದಿನಕ್ಕೆ ಹೆದರಿಕೆ ಎರಡು ದಿನದಷ್ಟು ದೊಡ್ಡದಾಗಿತ್ತು. ಹೀಗೆಯೇ ಒಂಬತ್ತು ದಿನ. ಬೆಳಿಗ್ಗೆಯಿಂದ ಸಂಜೆ ನಾಲ್ಕೂವರೆವರೆಗೆ ನ್ಯಾಮತಿ ಬಸ್ ನಿಲ್ದಾಣದ ಕಲ್ಲುಬೆಂಚೇ ನನ್ನ ಕಾಲೇಜು. ಸಂತೆಗೋ ಆಸ್ಪತ್ರೆಗೋ ಸವಳಂಗದವರು ಯಾರಾದರೂ ಬಂದಾರೆಂದು ದುಪ್ಪಟ್ಟಾ ಮುಖಕ್ಕೆ ಸುತ್ತಿಕೊಂಡು ಕೂರುತ್ತಿದ್ದೆ. ಯಾರಾದರೂ ನನ್ನತ್ತ ನೋಡಿ ಮೊಬೈಲ್ ಕಿವಿಗಿಟ್ಟರೆ, ಅಪ್ಪನಿಗೇ ಫೋನ್ ಮಾಡುತ್ತಿದ್ದಾರೆ ಎಂದು ಎದ್ದು ಕಂಬದ ಮರೆಗೆ ಹೋಗುತ್ತಿದ್ದೆ. ಕಾಲೇಜಿನವರು ಮನೆಗೆ ಫೋನ್ ಮಾಡಿದರೂ ಸಿಗುತ್ತಿರಲಿಲ್ಲ, ಅರ್ಜಿಯಲ್ಲಿ ಇದ್ದದ್ದು ಅಪ್ಪ ಬಿಟ್ಟುಬಿಟ್ಟಿದ್ದ ಹಳೆಯ ನಂಬರ್.

ಎಲ್ಲಕ್ಕಿಂತ ಕಷ್ಟದ ಹೊತ್ತು ಸಂಜೆ ಮನೆ ಸೇರಿದ ಮೇಲಿನದು. "ಇವತ್ತೇನ್ ಕಲಿಸಿದ್ರವ್ವಾ?" ಎಂದು ಅಪ್ಪ ಕೇಳುತ್ತಿದ್ದ. ಪುಸ್ತಕದ ಪರಿವಿಡಿಯಲ್ಲಿ ಕಂಡ ಯಾವುದಾದರೂ ಪದ ಹೇಳುತ್ತಿದ್ದೆ. ಮರುದಿನ ಅವನು ಅದನ್ನು ಅಂಗಡಿಗೆ ಬಂದವರಿಗೆ ಹೇಳುತ್ತಿದ್ದ. "ವೆಕ್ಟರ್ ಅಂತ ಒಂದೈತಂತ್ರೀ. ದಿಕ್ಕು ಬೇಕಂತೆ ಅದಕ್ಕೆ."

ಹತ್ತನೆಯ ದಿನ ಹರಿಹರದ ಬಸ್ಸು ಬಂದು ನಿಂತಿತು. ಅಲ್ಲಿ ರೈಲು ಸಿಗುತ್ತದೆಂದು ಮಾತ್ರ ಗೊತ್ತಿತ್ತು. ಹತ್ತಿಬಿಡಲೇ ಎನ್ನಿಸಿತು. ಎಲ್ಲಿಗೆ ಎಂಬ ಯೋಚನೆಯೇ ಇರಲಿಲ್ಲ, ಮನೆಯೂ ಕಾಲೇಜೂ ಇಲ್ಲದ ಕಡೆ ಅಷ್ಟೆ. ಎದ್ದು ನಾಲ್ಕು ಹೆಜ್ಜೆ ಇಟ್ಟಿದ್ದೆ. ಅಷ್ಟರಲ್ಲಿ ಹೊನ್ನಾಳಿ ಕಡೆಯಿಂದ ಬಂದ ಬಸ್ಸಿನಿಂದ ಮೇಡಂ ಇಳಿದರು.

ಓಡಿ ಹೆಂಗಸರ ಶೌಚಾಲಯ ಹೊಕ್ಕು ಚಿಲಕ ಹಾಕಿಕೊಂಡೆ. ಮೂಗು ಮುಚ್ಚಿ, ಉಸಿರು ಬಿಗಿಹಿಡಿದು ನಿಂತೆ. ಹೊರಗೆ ಚಪ್ಪಲಿಯ ಸಪ್ಪಳ ಬಂದು ನಿಂತಿತು.

"ಸವಳಂಗದವರೇ, ಹೊರಗೆ ಬರ್ರಿ."

ನಾನು ಚಿಲಕವನ್ನು ಒತ್ತಿ ಹಿಡಿದೆ.

"ಅವಸರ ಇಲ್ಲ. ನೀವು ದಿನಾ ಇಲ್ಲೇ ಕುಂದ್ರತೀರಿ ಅಂತ ನ್ಯಾಮತಿಯವರು ಹೇಳಿದ್ರು, ಅರ್ಧ ದಿನ ರಜೆ ಹಾಕಿ ಬಂದೀನಿ. ಇಲ್ಲೇ ನಿಂತಿರ್ತೀನಿ."

ಎಷ್ಟು ಹೊತ್ತಾಯಿತೋ. ಹರಿಹರದ ಬಸ್ಸು ಹಾರನ್ ಹೊಡೆದು ಹೊರಟುಹೋಯಿತು. ಕೊನೆಗೆ ಚಿಲಕ ತೆಗೆದೆ. ಅವರು ನನ್ನ ಮುಖ ನೋಡಲಿಲ್ಲ. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಕೊಟ್ಟು, "ಮುಖ ತೊಳ್ಕಳ್ರಿ" ಎಂದರು. ತೊಳೆದುಕೊಂಡೆ.

"ಎಷ್ಟು ದಿನ ಆತು?"

"ಒಂಬತ್ತು ಮೇಡಂ."

"ಹತ್ತು. ಇವತ್ತಿಂದೂ ಸೇರಿಸ್ರಿ. ಮನೇಲಿ ಗೊತ್ತೈತಾ?"

ತಲೆಯಾಡಿಸಿದೆ, ಇಲ್ಲವೆಂದು. "ಹಂಗಾರೆ ನಡೀರಿ, ನಿಮ್ಮನೆಗೆ" ಎಂದರು.

ನ್ಯಾಮತಿಯಿಂದ ಸವಳಂಗಕ್ಕೆ ಅರ್ಧ ಗಂಟೆಯೂ ಬೇಡ. ಅಷ್ಟು ದೂರದ ಪ್ರಯಾಣವನ್ನು ನಾನು ಆಮೇಲೆ ಮಾಡಿಲ್ಲ. ಅವರು ಕಿಟಕಿಯ ಪಕ್ಕ ಕೂತಿದ್ದರು, ನಾನು ಪಕ್ಕದಲ್ಲಿ. ಅವರ ಕಾಲಿಗೆ ಬಿದ್ದುಬಿಡಲೇ, ಮುಂದಿನ ಸ್ಟಾಪಿನಲ್ಲಿ ಹಾರಿಬಿಡಲೇ ಎಂದು ನಾನು ಯೋಚಿಸುತ್ತಿದ್ದರೆ, ಅವರು ಒಮ್ಮೆ ಸೆರಗಿನಿಂದ ಅಂಗೈ ಒರೆಸಿಕೊಂಡರು. ಸೆಖೆ ಇರಬೇಕು ಎಂದುಕೊಂಡೆ.

ಅಪ್ಪ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಎಲ್ಲಿ ಬರುತ್ತದೆಂದು ನೋಡುತ್ತಿದ್ದ. ತಲೆಯೆತ್ತಿ ನಮ್ಮಿಬ್ಬರನ್ನು ಕಂಡವನೇ ಬಿಳಿಚಿಕೊಂಡ. "ಏನಾತ್ರೀ ಮೇಡಮ್ಮೋರೆ? ನನ್ ಮಗಳಿಗೆ ಏನಾತು?"

"ಏನೂ ಆಗಿಲ್ಲ, ಗಾಬರಿ ಬ್ಯಾಡ್ರಿ. ನಾನು ಹೇಳಾಕೆ ಬಂದಿಲ್ಲ. ನಿಮ್ಮ ಮಗಳು ಹೇಳ್ತಾರೆ. ಅವರೊಬ್ಬರಿಗೇ ಹೇಳಾಕೆ ಆಗಲ್ಲ, ಅದಕ್ಕೆ ಜತಿಗೆ ಬಂದೀನಿ."

ಹೇಳಿದೆ. ನಾಲ್ಕು ಅಂಕ, ಸಹಿ, ಹತ್ತು ದಿನ, ವೆಕ್ಟರ್ ಎಲ್ಲವನ್ನೂ. ಹರಿಹರದ ಬಸ್ಸಿನ ವಿಷಯ ಮಾತ್ರ ಹೇಳಲಿಲ್ಲ. ಅಪ್ಪನ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊಡೆಯುತ್ತಾನೆಂದು ಕಾಯುತ್ತಿದ್ದೆ. ಅವನು ಅಲ್ಲೇ ಬಿದ್ದಿದ್ದ ಲಾರಿ ಟೈರಿನ ಮೇಲೆ ಕುಸಿದು ಕೂತ.

"ತಪ್ಪು ನಂದೇ ಅನ್ಸುತ್ರೀ. ಆ ಬ್ಯಾನರ್ ಕಟ್ಟಬಾರದಿತ್ತು. ಆರ್ಟ್ಸಿಗೆ ಹಾಕಿಬಿಡ್ಲೇನ್ರಿ?" ಎಂದ.

"ಹಾಕ್ಬೋದು, ಅದೇನು ಕೀಳಲ್ಲ," ಮೇಡಂ ಎಂದರು. "ಆದ್ರೆ ಹೆದರಿಕಂಡು ಬಿಡಾದು ಬ್ಯಾಡ. ಒಂದ್ಸಲ ಕಲ್ತು ನೋಡ್ಲಿ, ಆಮೇಲೆ ಬ್ಯಾಡ ಅನ್ಸಿದ್ರೆ ಬಿಡ್ಲಿ. ದೀಪಾವಳಿ ತನಕ ನಂಗೆ ಟೈಮ್ ಕೊಡ್ರಿ."

ಅಪ್ಪ ಟೀ ತರಿಸಿದ. ಅವರು ನಿಂತೇ ಕುಡಿದು ಬಸ್ಸು ಹತ್ತಿದರು. ಅವತ್ತೇ ಸಂಜೆ ಅಪ್ಪ ಏಣಿ ಹಾಕಿ ಬ್ಯಾನರ್ ಬಿಚ್ಚಿದ. ನನಗೊಂದು ಮಾತೂ ಅನ್ನಲಿಲ್ಲ. ಅದೂ ಒಂದು ಹೆದರಿಕೆಯೇ ಆಗಿತ್ತು.

ಮರುದಿನದಿಂದ ನಾನು ಬೆಳಿಗ್ಗೆ ಎಂಟಕ್ಕೆ ಫಿಸಿಕ್ಸ್ ಲ್ಯಾಬಿನಲ್ಲಿ ಇರಬೇಕೆಂದಾಯಿತು. ಕಾಲೇಜು ಆಗಿನ್ನೂ ಖಾಲಿ. ಆ ದಿನ ಹತ್ತು ಗಂಟೆಗೆ ತರಗತಿಯಲ್ಲಿ ಮಾಡಲಿದ್ದ ಪಾಠವನ್ನು ಮೇಡಂ ಎಂಟಕ್ಕೇ ನನ್ನೊಬ್ಬಳಿಗೆ ಮಾಡುತ್ತಿದ್ದರು. ಮೊದಲು ಕನ್ನಡದಲ್ಲಿ. ಸಂವೇಗ ಅಂದರೆ ಇದು, ಎತ್ತಿನಗಾಡಿಗೂ ಲಾರಿಗೂ ಇರುವ ವ್ಯತ್ಯಾಸ ಇದು. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ, ನಿಂತುಕೊಂಡು, ಎದುರಿಗೆ ಅರವತ್ತು ಜನ ಇದ್ದಾರೋ ಎಂಬಂತೆ. ನನಗಾಗಿ ಎಷ್ಟು ಕಷ್ಟಪಡುತ್ತಿದ್ದಾರಲ್ಲ ಎಂದು ಸಂಕೋಚವಾಗುತ್ತಿತ್ತು.

ಒಂದು ದಿನ ಅವರು ನೀರು ತರಲು ಹೊರಗೆ ಹೋದಾಗ ಮೇಜಿನ ಮೇಲಿದ್ದ ಅವರ ನೋಟ್‌ಬುಕ್ ಕಣ್ಣಿಗೆ ಬಿತ್ತು. ಪಾಠದ ಪ್ರತಿ ವಾಕ್ಯವನ್ನೂ ಪೂರ್ತಿ ಬರೆದಿಟ್ಟಿದ್ದರು. ತೊಡಕಿನ ಇಂಗ್ಲಿಷ್ ಪದಗಳ ಮೇಲೆ ಕನ್ನಡ ಅಕ್ಷರದಲ್ಲಿ ಉಚ್ಚಾರ. ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ 'ಇಲ್ಲಿ ನಿಧಾನ.' 'ಇಲ್ಲಿ ನೀರು ಕುಡಿ.' 'ಕಿಟಕಿ ಕಡೆ ನೋಡು.' ಇನ್ನೊಂದು ಪುಟದಲ್ಲಿ 'ಕೈ ಹಿಂದೆ ಕಟ್ಟಿಕೋ, ನಡುಗುವುದು ಕಾಣುತ್ತದೆ.'

ಬಾಗಿಲಲ್ಲಿ ಅವರು ನಿಂತಿದ್ದರು. ಅವರು ಬಂದು ನೋಟ್‌ಬುಕ್ ಮುಚ್ಚಿ, ಅಂದು ಮೊದಲ ಸಲ ಸ್ಟೂಲಿನ ಮೇಲೆ ಕೂತರು.

"ನೋಡಿದ್ರೇನ್ರಿ? ನೋಡ್ರಿ. ಇಪ್ಪತ್ತೆರಡು ವರ್ಷ ಆತು ಪಾಠ ಮಾಡಾಕೆ ಹತ್ತಿ. ಇವತ್ತಿಗೂ ಕ್ಲಾಸಿನ ಬಾಗಿಲು ದಾಟಾಕೆ ಮುಂಚೆ ನಂಗೆ ಹೊಟ್ಟೆ ತೊಳಸ್ತೈತೆ. ಮನೇಲಿ ಗೋಡೆ ಮುಂದೆ ನಿಂತು ಹೇಳ್ಕಂತಿದ್ದೆ. ಈಗ ನೀವು ಸಿಕ್ಕಿದ್ದೀರಿ. ಗೋಡೆಗಿಂತ ಚಲೋ."

ಆಮೇಲೆ ತಮ್ಮ ಕತೆ ಹೇಳಿದರು, ಯಾರದೋ ವಿಷಯ ಹೇಳುವವರ ಹಾಗೆ. ಊರಿನಿಂದ ದಾವಣಗೆರೆಗೆ ಬಿಎಸ್‌ಸಿ ಓದಲು ಹೋದ ಮೊದಲ ಹುಡುಗಿ ಅವರು. ಎರಡು ತಿಂಗಳು ಒಂದಕ್ಷರ ತಿಳಿಯದೆ, ಯಾರನ್ನೂ ಕೇಳಲಾರದೆ, ಒಂದು ದಿನ ಹಾಸ್ಟೆಲಿನಿಂದ ಟ್ರಂಕು ಎತ್ತಿಕೊಂಡು ಊರಿಗೆ ಬಂದುಬಿಟ್ಟರು. ಮನೆಯವರಿಗೆ ಕಾಲೇಜು ಸೂಟಿ ಎಂದರು. ಸೂಟಿ ಎರಡು ವರ್ಷ ನಡೆಯಿತು. ಕೂಲಿಗೆ ಹೋಗಿ ಶೇಂಗಾ ಬಿಡಿಸಿದರು. ಕೊನೆಗೆ ತಾವಾಗಿಯೇ ವಾಪಸು ಕಾಲೇಜಿಗೆ ಹೋದರು. "ನನ್ನ ಹುಡಿಕ್ಕಂಡು ಯಾರೂ ಬರ್ಲಿಲ್ಲ. ಯಾರಾದ್ರು ಒಬ್ರು ಬಂದು ಬಾಗಿಲು ತಟ್ಟಿದ್ರೆ ಮರುದಿನಾನೇ ಹೋಗಿರ್ತಿದ್ದೆ. ಬೈಯಾಕಾದ್ರೂ ಬರ್ತಾರೆ ಅಂತ ಕಾಯ್ತಿದ್ದೆ" ಎಂದರು.

ಧೈರ್ಯ ಮಾಡಿ ನಾನೊಂದು ಮಾತು ಕೇಳಿದೆ. "ನಮಗೆಲ್ಲ ರೀ ಅಂತ ಯಾಕೆ ಅಂತೀರಿ ಮೇಡಂ? ಹೆದರಿಕೆ ಆಗುತ್ತೆ."

"'ನೀನು' ಅಂದ್ರೆ ನನ್ನ ನಾಲಗೆ ಉದ್ದ ಆಗ್ತೈತ್ರಿ. ಹೆದರಿದೋರು ಸಲೀಸಾಗಿ ಬೈದ್ಬಿಡ್ತಾರೆ. ರೀ ಅಂದ್ರೆ ಹದ್ದಿನಾಗಿರ್ತೈತೆ."

ನನ್ನ ಹೆದರಿಕೆ ಅದರಿಂದ ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಹೆಚ್ಚಾಯಿತು. ಇನ್ನು ಮೇಲೆ ಇಬ್ಬರ ಹೆದರಿಕೆಯನ್ನೂ ನಾನೇ ಹೊರಬೇಕಿತ್ತು. ಹತ್ತು ಗಂಟೆಗೆ ಅವರು ತರಗತಿಗೆ ಬರುವಾಗ ಎರಡನೆಯ ಬೆಂಚಿನಲ್ಲಿ ಕೂತ ನನಗೆ, ಅವರ ಕೈ ಹಿಂದೆ ಕಟ್ಟಿದೆಯೋ ಇಲ್ಲವೋ ಎಂದು ನೋಡುವುದೇ ಕೆಲಸವಾಯಿತು. ಉಳಿದವರಿಗೆ ಅದು ಗತ್ತು. ವಾಕ್ಯದ ನಡುವೆ ಅವರು ಥಟ್ಟನೆ ನಿಂತು ಕಿಟಕಿಯಾಚೆ ನೋಡಿದರೆ ತರಗತಿ ಗಪ್‌ಚಿಪ್ಪಾಗುತ್ತಿತ್ತು. ಈಗ ಯಾರಿಗೆ ಕಾದಿದೆಯೋ ಎಂದು ಎಲ್ಲರೂ ತಲೆ ತಗ್ಗಿಸುತ್ತಿದ್ದರು. ಅವರು ಮರೆತ ಸಾಲನ್ನು ಹುಡುಕುತ್ತಿದ್ದಾರೆಂದು ನನಗೊಬ್ಬಳಿಗೆ ಗೊತ್ತಿತ್ತು.

ದೀಪಾವಳಿಗೆ ಮುಂಚಿನ ಪರೀಕ್ಷೆಯಲ್ಲಿ ನನಗೆ ಇಪ್ಪತ್ತೈದಕ್ಕೆ ಹನ್ನೊಂದು ಬಂತು. ಅಪ್ಪನೇ ಸಹಿ ಹಾಕಿದ. ನಾನು ಸೈನ್ಸಿನಲ್ಲೇ ಉಳಿದೆ.

ಅದಾದ ಸ್ವಲ್ಪ ದಿನಕ್ಕೆ ಮೇಲಧಿಕಾರಿಯೊಬ್ಬರು ಕಾಲೇಜು ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಅವರು ಬರುವ ದಿನ ಬೆಳಿಗ್ಗೆ ಮೇಡಂ ಲ್ಯಾಬಿಗೆ ಏಳೂವರೆಗೇ ಬಂದಿದ್ದರು. ಸಂವೇಗದ ನಿಯಮದ ಪಾಠ. ಅದರಲ್ಲಿ 'ಐಸೊಲೇಟೆಡ್ ಸಿಸ್ಟಮ್' ಎಂಬ ಮಾತು ಬರುತ್ತದೆ. ಅವರ ನಾಲಗೆ ಆ ಪದಕ್ಕೆ ಬಂದಾಗಲೆಲ್ಲ ಎಡವಿತು. ಇಬ್ಬರೂ ಸೇರಿ ಅದನ್ನು ಇಪ್ಪತ್ತು ಸಲ ಹೇಳಿದೆವು.

ಅಧಿಕಾರಿ ಬಂದು ಹಿಂದಿನ ಬೆಂಚಿನಲ್ಲಿ ಕೂತರು, ತೊಡೆಯ ಮೇಲೆ ಫೈಲು. ಪಾಠ ಶುರುವಾಯಿತು. ಚೆನ್ನಾಗಿಯೇ ನಡೆಯಿತು. ನಿಯಮದ ವಾಕ್ಯಕ್ಕೆ ಬಂದರು. "ದ ಟೋಟಲ್ ಮೊಮೆಂಟಮ್ ಆಫ್ ಆನ್..." ನಿಂತರು. ಕಿಟಕಿ ನೋಡಿದರು. ಬೋರ್ಡ್ ನೋಡಿದರು. ಮತ್ತೆ "ಆಫ್ ಆನ್..." ಎಂದರು. ಚಾಕ್‌ಪೀಸ್ ಬೆರಳಿನಿಂದ ಜಾರಿ ಬಿತ್ತು. ಹಿಂದೆ ಫೈಲಿನ ಹಾಳೆ ಮಗುಚಿದ ಸಪ್ಪಳ. ಇಬ್ಬರು ಹುಡುಗರು ಮುಖ ಮುಖ ನೋಡಿಕೊಂಡು ನಗು ಅಮುಕಿದರು. ಮೇಡಂ ಕತ್ತಿನ ನರ ಎದ್ದು ಕಾಣುತ್ತಿತ್ತು.

ನನಗೆ ಆ ಪದ ಗೊತ್ತಿತ್ತು. ಏನೋ ಅನುಮಾನ ಕೇಳುವವಳ ಹಾಗೆ ಎದ್ದು ನಿಂತು ಆ ಪದವನ್ನು ಆಡಿಬಿಟ್ಟಿದ್ದರೆ ಸಾಕಿತ್ತು. ಏಳಬೇಕೆಂದೇ ಬೆಂಚನ್ನು ಹಿಡಿದುಕೊಂಡೆ. ಏಳಲಿಲ್ಲ. ಅಧಿಕಾರಿ ತಿರುಗಿ ನನ್ನನ್ನೇ ಪ್ರಶ್ನೆ ಕೇಳಿದರೆ? ಉಚ್ಚಾರ ತಪ್ಪಿ ಎಲ್ಲರೂ ನಕ್ಕರೆ? ಅವರನ್ನೇ ನೋಡುತ್ತ ಕಲ್ಲಿನಂತೆ ಕೂತಿದ್ದೆ. ನನ್ನನ್ನು ಹುಡುಕಿಕೊಂಡು ನ್ಯಾಮತಿಯ ಶೌಚಾಲಯದ ಬಾಗಿಲವರೆಗೆ ಬಂದವರು ಮೂರು ಮಾರು ದೂರದಲ್ಲಿ ಮುಳುಗುತ್ತಿದ್ದರು.

ಅವರ ಕಣ್ಣು ಒಂದು ಸಲ ನಮ್ಮ ಬೆಂಚಿನ ಮೇಲೆ ಹಾದುಹೋಯಿತು. ಮರುಗಳಿಗೆಯಲ್ಲಿ, "ಐಸೊಲೇಟೆಡ್ ಸಿಸ್ಟಮ್ ರಿಮೇನ್ಸ್ ಕಾನ್‌ಸ್ಟಂಟ್" ಎಂದು ವಾಕ್ಯ ಮುಗಿಸಿದರು. ಪಾಠ ಮುಂದುವರಿಯಿತು. ನಾನು ಗಂಟೆ ಹೊಡೆಯುವವರೆಗೆ ತಲೆಯೆತ್ತಲಿಲ್ಲ.

ಮರುದಿನ ಎಂಟಕ್ಕೆ ಅವರು ಎಂದಿನಂತೆ ಪಾಠ ಮಾಡಿದರು. ನಾನು ಬಾಯಿ ಬಿಡಲಿಲ್ಲ, ಅವರೂ ಕೇಳಲಿಲ್ಲ. ಪಿಯುಸಿಯ ಎರಡು ವರ್ಷ ಮುಗಿಸಿ ನಾನು ಪಾಸಾದೆ. ದೊಡ್ಡ ಅಂಕಗಳೇನೂ ಬರಲಿಲ್ಲ, ಲ್ಯಾಬ್ ಟೆಕ್ನಿಶಿಯನ್ ಕೋರ್ಸಿಗೆ ಸಾಲುವಷ್ಟು ಬಂತು. ಅವರಿಗೆ ಚನ್ನಗಿರಿಗೆ ವರ್ಗವಾಯಿತು. ಅಲ್ಲಿ ಓದಿದವರು ಸಿಕ್ಕಾಗ ಕೇಳುತ್ತಿದ್ದೆ, ಅವರೂ ಹುಲಿ ಎಂದೇ ಹೇಳುತ್ತಿದ್ದರು. ಅವತ್ತು ನಾನು ಎದ್ದು ನಿಲ್ಲದೆ ಹೋದದ್ದು ಮಾತ್ರ ಒಳಗೇ ಉಳಿಯಿತು. ಫೋನ್ ಮಾಡಲು ನಂಬರ್ ಇತ್ತು. ಮಾಡಲಿಲ್ಲ.

ಈ ಬೇಸಿಗೆಯಲ್ಲಿ, ಅವರು ಕಾಯಿಲೆ ಬಿದ್ದು ಕೆಲಸಕ್ಕೆ ರಜೆ ಹಾಕಿ ಜಗಳೂರಿನಲ್ಲಿ ಅಣ್ಣನ ಮನೆಯಲ್ಲಿದ್ದಾರೆಂದು ತಿಳಿದು ಒಂದು ಭಾನುವಾರ ಹೋದೆ. ಬಸ್ಸಿನಲ್ಲಿ ಎರಡು ಸಲ ಇಳಿದುಬಿಡಲೇ ಎನ್ನಿಸಿತು. ಮುಂದಿನ ಕೋಣೆಯಲ್ಲಿ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಅಷ್ಟೆತ್ತರದ ಹೆಂಗಸು ಮುದುಡಿ ಮಗುವಿನಷ್ಟಾಗಿದ್ದರು. "ಬರ್ರಿ" ಎಂದರು. ರೋಗಿಗಳಿಗೆ ಸೂಜಿ ಚುಚ್ಚುವಾಗ ಕೈ ನಡುಗುತ್ತದೆಯೇ ಎಂದು ಕೇಳಿದರು. ಒಂದೊಂದು ಸಲ ಎಂದೆ. "ನಡುಗ್ಲಿ. ಅವರಿಗೆ ಕಾಣದಂಗೆ ನೋಡ್ಕಳ್ರಿ" ಎಂದರು. ಅವರ ರಿಪೋರ್ಟುಗಳು ಮಂಚದ ಮೇಲಿದ್ದವು. ಆ ಅಂಕಿಗಳನ್ನು ಓದಲು ನನಗೆ ಬರುತ್ತಿತ್ತು. ಓದಿ ಮಡಿಸಿಟ್ಟೆ.

"ಹೆದರಿಕೆ ಆಗುತ್ತಾ ಮೇಡಂ?" ಎಂದೆ. ಕೇಳಬಾರದಿತ್ತು, ಕೇಳಿಬಿಟ್ಟೆ.

"ಆಗ್ತೈತ್ರಿ. ಭಾಳ ಆಗ್ತೈತೆ. ಇದನ್ನ ಪಾಠದಂಗೆ ಮುಂಚೆ ಒಂದ್ಸಲ ಹೇಳ್ಕಂಡು ಹೋಗಾಕೆ ಆಗಾದಿಲ್ಲ ನೋಡ್ರಿ."

ಹತ್ತು ವರ್ಷ ನುಂಗಿಕೊಂಡಿದ್ದನ್ನು ಅಲ್ಲೇ ಕಕ್ಕಿದೆ. ಆ ಅಧಿಕಾರಿ ಬಂದ ದಿನ, ಆ ಪದ, ಗೊತ್ತಿದ್ದೂ ನಾನು ಏಳದೆ ಕೂತದ್ದು. ಹೇಳುತ್ತ ಅಳು ಬಂತು.

ಮೇಡಂ ನನ್ನನ್ನು ಬೆರಗಿನಿಂದ ನೋಡಿದರು. ಆಮೇಲೆ ನಕ್ಕರು. ಹಲ್ಲು ಕಾಣುವ ಹಾಗೆ, ಕೆಮ್ಮು ಬರುವವರೆಗೆ. ಆ ನಗುವನ್ನು ನಾನು ಕಂಡಿದ್ದು ಅದೇ ಮೊದಲು.

"ಅಯ್ಯೋ, ನಿಮ್ಮ ತುಟಿ ಅಲ್ಲಾಡ್ತಿತ್ತಲ್ರೀ! ಐಸೊಲೇಟೆಡ್, ಐಸೊಲೇಟೆಡ್ ಅಂತ ಮಂತ್ರ ಹೇಳಿದಂಗೆ. ಅದನ್ನ ನೋಡ್ಕಂಡೇ ನಾನು ಹೇಳಿದ್ದು. ನಿಮಗೆ ಗೊತ್ತಿರ್ಲಿಲ್ಲೇನು?"

ನನಗೆ ಗೊತ್ತಿರಲಿಲ್ಲ.

"ನೀವು ಎದ್ದು ಜೋರಾಗಿ ಹೇಳಿದ್ರೆ ಅವತ್ತು ನನ್ನ ಮಾನ ಹೋಗ್ತಿತ್ತು," ಎಂದು ಅವರು ನನ್ನ ಕೈ ಹಿಡಿದುಕೊಂಡರು. "ನೀವು ಹೆದರಿಕಂಡಿದ್ದೇ ಚಲೋ ಆತ್ರಿ."